ತಂದೆಯವರ ಉಯಿಲು: ಪಾಲಿಗೆ ಬಂದ ತೋಟ, ಕೊಂಡ ತೋಟ ಮತ್ತು ಅಕ್ಕನ ಹಕ್ಕು

ಪ್ರಶ್ನೆ (ತಿಪಟೂರು ಸೀಮೆಯವನು)

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ತಾಲ್ಲೂಕಿನ ಒಂದು ಗ್ರಾಮ. ತಂದೆಯವರು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಈಗ ಅವರಿಗೆ 76 ವರ್ಷ. ಬುದ್ಧಿ, ನೆನಪು ಎರಡೂ ಚೆನ್ನಾಗಿವೆ, ಆದರೆ ಕಳೆದ ವರ್ಷ ಹೃದಯದ ಚಿಕಿತ್ಸೆ ಆದಂದಿನಿಂದ ಉಯಿಲು ಬರೆದುಬಿಡಬೇಕೆಂದು ಮೇಲಿಂದ ಮೇಲೆ ಹೇಳುತ್ತಿದ್ದಾರೆ. ಮಕ್ಕಳು ಮೂವರು. ಅಣ್ಣ ಊರಿನಲ್ಲೇ ಇದ್ದು ತೋಟ ನೋಡಿಕೊಳ್ಳುತ್ತಾನೆ, ಅಕ್ಕನನ್ನು 1998ರಲ್ಲಿ ಗುಬ್ಬಿ ತಾಲ್ಲೂಕಿಗೆ ಮದುವೆ ಮಾಡಿಕೊಟ್ಟಿದ್ದೇವೆ, ನಾನು ತುಮಕೂರಿನಲ್ಲಿ ಕೆಲಸದಲ್ಲಿದ್ದೇನೆ.

ಆಸ್ತಿಯ ವಿವರ ಹೀಗಿದೆ. 1984ರಲ್ಲಿ ತಂದೆ ಮತ್ತು ಚಿಕ್ಕಪ್ಪಂದಿರ ನಡುವೆ ಆದ ನೋಂದಾಯಿತ ಪಾಲುಪಟ್ಟಿಯಲ್ಲಿ ಮೂರು ಎಕರೆ ತೆಂಗಿನ ತೋಟ ಮತ್ತು ಹಳೆಯ ಮನೆ ಬಂದಿವೆ. ಅದಕ್ಕೆ ಹೊಂದಿಕೊಂಡ ಎರಡು ಎಕರೆ ಹತ್ತು ಗುಂಟೆಯನ್ನು ತಂದೆಯವರು 1996ರಲ್ಲಿ ತಮ್ಮ ಹೆಸರಿಗೆ ಕ್ರಯಕ್ಕೆ ಪಡೆದು ತೋಟ ಮಾಡಿದರು. ತುಮಕೂರಿನಲ್ಲಿ ಅಮ್ಮನ ಹೆಸರಿನಲ್ಲಿ ಒಂದು ನಿವೇಶನ ಕೊಂಡು ಚಿಕ್ಕ ಮನೆ ಕಟ್ಟಿಸಿದ್ದಾರೆ. ಬ್ಯಾಂಕಿನಲ್ಲಿ ಸ್ವಲ್ಪ ಠೇವಣಿ ಇದೆ.

ತೋಟವೆಲ್ಲ ಅಣ್ಣನಿಗೆ, ತುಮಕೂರಿನ ಮನೆ ನನಗೆ ಎಂಬುದು ತಂದೆಯವರ ಇಚ್ಛೆ. ಅಕ್ಕನಿಗೆ ಮದುವೆಯಲ್ಲಿ ಒಡವೆ ಹಾಕಿದ್ದೇವೆ, ಅವಳಿಂದ ಒಂದು ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡರೆ ಮುಗಿಯಿತು ಎಂದು ಚಿಕ್ಕಪ್ಪ ಹೇಳುತ್ತಾರೆ. ಅಕ್ಕ ಏನನ್ನೂ ಕೇಳಿಲ್ಲ; ಆದರೆ ಅವಳು ಕೇಳುತ್ತಿಲ್ಲ ಎಂಬ ಕಾರಣಕ್ಕೆ ಅವಳನ್ನು ಲೆಕ್ಕದಿಂದ ಬಿಡುವುದು ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ. ತಂದೆಯವರು ಹೀಗೆ ಉಯಿಲು ಬರೆದರೆ ಅದು ನಿಲ್ಲುತ್ತದೆಯೇ? ನೋಂದಣಿ ಮಾಡಿಸಲೇಬೇಕೇ? ಅಣ್ಣ ಇಷ್ಟು ವರ್ಷ ಆ ತೋಟದಲ್ಲಿ ದುಡಿದಿದ್ದಾನೆ, ಅವನಿಗೂ ಅನ್ಯಾಯವಾಗಬಾರದು. ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ಉತ್ತರ (ಸಿವಿಲ್ ವಕೀಲ, ತುಮಕೂರು)

ಉಯಿಲನ್ನು ಹೇಗೆ ಬರೆಯಬೇಕು ಎಂಬುದು ಎರಡನೆಯ ಮಾತು. ಬರೆದುಕೊಡಲು ತಂದೆಯವರಿಗೆ ಸೇರಿದ್ದು ಎಷ್ಟು ಎಂಬುದನ್ನು ಮೊದಲು ಬಿಡಿಸಿಕೊಳ್ಳಿ. ನಮ್ಮ ಜಿಲ್ಲೆಯ ನ್ಯಾಯಾಲಯಗಳಲ್ಲಿ ನಾನು ನಡೆಸಿದ ಪಾಲಿನ ದಾವೆಗಳಲ್ಲಿ ಜಗಳ ಹುಟ್ಟಿದ್ದು ಸಾಮಾನ್ಯವಾಗಿ ಇಲ್ಲೇ: ಬರೆದವರು ತಮ್ಮದಲ್ಲದ ಪಾಲನ್ನೂ ಸೇರಿಸಿ ಬರೆದಿರುತ್ತಾರೆ.

1984ರ ಪಾಲುಪಟ್ಟಿಯಲ್ಲಿ ಬಂದ ಮೂರು ಎಕರೆಯ ಮೂಲವನ್ನು ಹುಡುಕಿ. ಅದು ನಿಮ್ಮ ಮುತ್ತಾತನ ಕಾಲದಿಂದ ಇಳಿದು ಬಂದ ಜಮೀನಾಗಿದ್ದರೆ, ಚಿಕ್ಕಪ್ಪಂದಿರ ಎದುರಿಗೆ ಅದು ತಂದೆಯವರ ಪ್ರತ್ಯೇಕ ಪಾಲಾದರೂ ಅವರ ಮಕ್ಕಳ ಎದುರಿಗೆ ಪಿತ್ರಾರ್ಜಿತವಾಗಿಯೇ ಉಳಿಯುತ್ತದೆ. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ. ಹಾಗಲ್ಲದೆ ಅದು ನಿಮ್ಮ ತಾತನವರು ಸ್ವಂತ ದುಡಿಮೆಯಲ್ಲಿ ಕೊಂಡದ್ದಾಗಿದ್ದು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದ ಮೇಲೆ ಅವರು ಉಯಿಲಿಲ್ಲದೆ ತೀರಿಕೊಂಡು, ಅವರ ಮಕ್ಕಳು ವಾರಸುದಾರರಾಗಿ ಹಂಚಿಕೊಂಡಿದ್ದರೆ, ಆ ಮೂರು ಎಕರೆ ನಿಮ್ಮ ತಂದೆಯವರ ವೈಯಕ್ತಿಕ ಆಸ್ತಿ. 1986ರ ಚಂದರ್ ಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿದೆ. ಈ ಎರಡರಲ್ಲಿ ಯಾವುದು ಎಂಬುದು ನಿಮ್ಮ ಇಡೀ ಪ್ರಶ್ನೆಯ ಉತ್ತರವನ್ನೇ ಬದಲಿಸುತ್ತದೆ. ಪಾಲುಪಟ್ಟಿಯ ಪೀಠಿಕೆಯ ಭಾಗದಲ್ಲಿ ಆಸ್ತಿ ಹೇಗೆ ಬಂತು ಎಂಬುದನ್ನು ಸಾಮಾನ್ಯವಾಗಿ ಬರೆದಿರುತ್ತಾರೆ. ಜನ ಆ ಭಾಗವನ್ನು ಓದುವುದೇ ಇಲ್ಲ.

ಪಿತ್ರಾರ್ಜಿತವೆಂದೇ ಇಟ್ಟುಕೊಳ್ಳೋಣ. ಆಗ ಅಕ್ಕನ ಹಕ್ಕು ನಿಮ್ಮ ಮತ್ತು ನಿಮ್ಮ ಅಣ್ಣನ ಹಕ್ಕಿಗೆ ಸಮ. 9-9-2005ರ ತಿದ್ದುಪಡಿ ಮಗಳನ್ನೂ ಹುಟ್ಟಿನಿಂದಲೇ ಸಹದಾಯಾದಿಯನ್ನಾಗಿ, ಅಂದರೆ ಪಿತ್ರಾರ್ಜಿತದಲ್ಲಿ ಮಗನಂತೆಯೇ ಪಾಲುದಾರಳನ್ನಾಗಿ ಮಾಡಿತು, ಮತ್ತು 11-8-2020ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲವೆಂದು ತೀರ್ಮಾನಿಸಿತು. ನಮ್ಮ ರಾಜ್ಯದಲ್ಲಿ ಇದಕ್ಕೂ ಮೊದಲೇ, 30-7-1994ರಿಂದ ಜಾರಿಗೆ ಬಂದ ಕರ್ನಾಟಕ ತಿದ್ದುಪಡಿಯು, ಅಂದಿಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಈ ಹಕ್ಕನ್ನು ಕೊಟ್ಟಿತ್ತು. ನಿಮ್ಮ ಅಕ್ಕನ ಮದುವೆ 1998ರಲ್ಲಿ ಎಂದಿದ್ದೀರಿ; ಅಂದರೆ ಅವರು ಧಾರೆಯ ಮಂಟಪಕ್ಕೆ ಬಂದಾಗಲೇ ಸಹದಾಯಾದಿಯಾಗಿದ್ದರು. ಮದುವೆಯಲ್ಲಿ ಹಾಕಿದ ಒಡವೆ ಈ ಹಕ್ಕನ್ನು ತೀರಿಸುವುದಿಲ್ಲ. 20-12-2004ಕ್ಕಿಂತ ಮುಂಚಿನ ವಿಭಾಗಗಳಿಗೆ ಕಾಯ್ದೆ ರಕ್ಷಣೆ ಕೊಟ್ಟಿದೆಯೆಂದು ಯಾರಾದರೂ ನಿಮ್ಮ ಪಾಲುಪಟ್ಟಿಯನ್ನು ತೋರಿಸಬಹುದು. ಆದರೆ 1984ರ ವಿಭಾಗ ನಡೆದದ್ದು ತಂದೆ ಮತ್ತು ಚಿಕ್ಕಪ್ಪಂದಿರ ನಡುವೆ, ತಂದೆ ಮತ್ತು ಮಕ್ಕಳ ನಡುವೆ ಅಲ್ಲ.

ಹಾಗಾದರೆ ತಂದೆಯವರು ಏನನ್ನು ಬರೆಯಬಹುದು? ಪಿತ್ರಾರ್ಜಿತದಲ್ಲಿರುವ ತಮ್ಮ ಪಾಲನ್ನು ಮಾತ್ರ. ಅವಿಭಕ್ತ ಪಾಲನ್ನು ದಾನಪತ್ರದ ಮೂಲಕ ಕೊಡಲು ಬರುವುದಿಲ್ಲ, ಆದರೆ 1956ರ ಕಾಯ್ದೆಯ 30ನೆಯ ಕಲಂ ಅದನ್ನು ಉಯಿಲಿನ ಮೂಲಕ ಕೊಡಲು ಅವಕಾಶ ಮಾಡಿದೆ. ಮೂರು ಎಕರೆಯನ್ನೂ ಅಣ್ಣನಿಗೆ ಬರೆದರೆ ತಂದೆಯವರ ಪಾಲಿನ ಮಟ್ಟಿಗೆ ಅದು ನಿಂತು, ಉಳಿದದ್ದಕ್ಕೆ ನಾಳೆ ಅಕ್ಕನೋ ಅವರ ಮಕ್ಕಳೋ ದಾವೆ ಹಾಕಿದರೆ ಅಣ್ಣನಿಗೆ ಉತ್ತರವಿರುವುದಿಲ್ಲ.

1996ರಲ್ಲಿ ಕೊಂಡ ಎರಡು ಎಕರೆ ಹತ್ತು ಗುಂಟೆ ಮೇಲ್ನೋಟಕ್ಕೆ ಸ್ವಯಾರ್ಜಿತ, ಅದನ್ನು ಅವರು ಇಷ್ಟ ಬಂದವರಿಗೆ ಬರೆಯಬಹುದು. ಆದರೂ ಹಳೆಯ ತೋಟದ ಆದಾಯದಿಂದಲೇ ಇದನ್ನು ಕೊಂಡದ್ದು ಎಂಬ ವಾದ ಬರುವುದುಂಟು. ತಂದೆಯವರು ಸಂಬಳದಾರರು, ಭವಿಷ್ಯ ನಿಧಿಯಿಂದ ಹಣ ತೆಗೆದಿದ್ದರೆ, ಸಹಕಾರ ಸಂಘದ ಸಾಲ ಮಾಡಿದ್ದರೆ, ಆ ಕಾಗದಗಳನ್ನು ಕ್ರಯಪತ್ರದ ಜೊತೆಯಲ್ಲೇ ಇಡಿ, ಉಯಿಲಿನಲ್ಲೂ ಒಂದು ವಾಕ್ಯದಲ್ಲಿ ಹೇಳಿಸಿ.

ತುಮಕೂರಿನ ಮನೆಯನ್ನು ತಂದೆಯವರು ನಿಮಗೆ ಬರೆಯಲಾರರು. ಅದು ತಾಯಿಯವರ ಹೆಸರಿನಲ್ಲಿದೆ, 14ನೆಯ ಕಲಮಿನ ಪ್ರಕಾರ ಅವರೇ ಅದರ ಪೂರ್ಣ ಒಡತಿ. ಅವರು ಉಯಿಲಿಲ್ಲದೆ ಹೋದರೆ ಗಂಡ ಮತ್ತು ಮೂವರು ಮಕ್ಕಳಿಗೆ ಸಮನಾಗಿ ಹೋಗುತ್ತದೆ. ತಾಯಿಯವರ ಮನಸ್ಸಿನಲ್ಲಿ ಏನಿದೆ ಎಂದು ಅವರನ್ನೇ ಕೇಳಿ, ಅವರದ್ದು ಪ್ರತ್ಯೇಕ ಉಯಿಲಾಗಲಿ. ಗಂಡ ಹೆಂಡತಿ ಸೇರಿ ಒಂದೇ ಪತ್ರದಲ್ಲಿ ಬರೆದರೆ, ಒಬ್ಬರು ತೀರಿದ ಮೇಲೆ ಇನ್ನೊಬ್ಬರು ಅದನ್ನು ಬದಲಿಸಬಹುದೇ ಎಂಬ ತೊಡಕು ಹುಟ್ಟುತ್ತದೆ.

ಚಿಕ್ಕಪ್ಪನವರು ಹೇಳಿದ ಹಕ್ಕು ಬಿಡುಗಡೆ ಪತ್ರದ ಬಗ್ಗೆ: ಪಿತ್ರಾರ್ಜಿತದಲ್ಲಿ ಈಗಾಗಲೇ ಇರುವ ಹಕ್ಕನ್ನು ಅಕ್ಕ ತಿಳಿದು, ಒಪ್ಪಿ, ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಟ್ಟರೆ ಅದು ಸಿಂಧು. ತಂದೆಯವರ ಸ್ವಯಾರ್ಜಿತದಲ್ಲಿ ಅವರು ಬದುಕಿರುವಾಗ ಮಕ್ಕಳಿಗೆ ಇರುವುದು ಬರೀ ನಿರೀಕ್ಷೆ. ಇಲ್ಲದ ಹಕ್ಕನ್ನು ಬಿಟ್ಟುಕೊಡುವ ಪತ್ರಕ್ಕೆ ಬೆಲೆಯಿಲ್ಲ. ನನ್ನ ಸಲಹೆ ಬೇರೆ. ಮೂರು ಎಕರೆಗೆ ತಂದೆ, ತಾಯಿ ಮತ್ತು ಮೂವರು ಮಕ್ಕಳೂ ಕುಳಿತು ಈಗಲೇ ಒಂದು ನೋಂದಾಯಿತ ವಿಭಾಗಪತ್ರ ಮಾಡಿಕೊಳ್ಳಿ. ಅಕ್ಕನಿಗೆ ಜಮೀನು ಬೇಡವಾಗಿದ್ದರೆ ಅವರ ಪಾಲಿನ ಬದಲಿಗೆ ಹಣ ಕೊಟ್ಟು ಅದನ್ನು ಪತ್ರದಲ್ಲೇ ಕಾಣಿಸಿ. ಕೊಂಡ ತೋಟಕ್ಕೆ ಮಾತ್ರ ತಂದೆಯವರು ಉಯಿಲು ಬರೆಯಲಿ; ಅಣ್ಣನ ದುಡಿಮೆಗೆ ಕೊಡಬೇಕಾದ ಹೆಚ್ಚಿನದನ್ನು ಅಲ್ಲಿ ಧಾರಾಳವಾಗಿ ಕೊಡಬಹುದು, ಯಾರೂ ಪ್ರಶ್ನಿಸಲಾರರು.

ಉತ್ತರ (ಮಧುಗಿರಿ ಕಡೆಯ ಗೃಹಿಣಿ)

ವಕೀಲರು ಆಸ್ತಿಯ ಬಗ್ಗೆ ಹೇಳಿದ್ದಾರೆ, ನಾನು ಸಾಕ್ಷಿಗಳ ಬಗ್ಗೆ ಹೇಳುತ್ತೇನೆ, ಏಕೆಂದರೆ ನಮ್ಮ ಮಾವನವರ ಉಯಿಲು ಆ ಜಾಗದಲ್ಲೇ ಸಿಕ್ಕಿಹಾಕಿಕೊಂಡಿತು. ಉಯಿಲು ನೋಂದಣಿಯಾಗಿತ್ತು, ಮುದ್ರೆ, ಹೆಬ್ಬೆಟ್ಟು ಎಲ್ಲವೂ ಇದ್ದವು, ಆದ್ದರಿಂದ ಯಾರೂ ಅಲುಗಾಡಿಸಲಾರರು ಎಂದು ನಾವು ನಂಬಿದ್ದೆವು. ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ಮಾವನವರಿಗಿಂತ ಹಿರಿಯರು, ದಾವೆ ವಿಚಾರಣೆಗೆ ಬರುವ ಹೊತ್ತಿಗೆ ಅವರಿರಲಿಲ್ಲ. ಇನ್ನೊಬ್ಬರು ಕಟಕಟೆಯಲ್ಲಿ ನಿಂತು, "ಅವರು ಒಳಗೆ ಸಹಿ ಹಾಕಿ ಮುಗಿಸಿದ್ದರು, ಕಚೇರಿಯ ಹೊರಗಿನ ಚಹಾದಂಗಡಿಯ ಹತ್ತಿರ ಪತ್ರ ಬರೆದವರು ಕಾಗದ ತಂದುಕೊಟ್ಟರು, ನಾನು ಸಹಿ ಮಾಡಿದೆ" ಎಂದರು. ಇದ್ದದ್ದನ್ನೇ ಹೇಳಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೆಯ ಕಲಂ ಕೇಳುವುದು, ಬರೆದುಕೊಟ್ಟವರು ಸಹಿ ಹಾಕುವುದನ್ನು ಸಾಕ್ಷಿ ಕಣ್ಣಾರೆ ನೋಡಿರಬೇಕು, ಇಲ್ಲವೇ "ಇದು ನನ್ನ ಸಹಿ" ಎಂದು ಅವರ ಬಾಯಿಂದಲೇ ಕೇಳಿರಬೇಕು, ಆಮೇಲೆ ಅವರ ಎದುರಿನಲ್ಲೇ ತಾನು ಸಹಿ ಮಾಡಿರಬೇಕು ಎಂದು. ಈ ಮೂರೂ ಆ ಸಾಕ್ಷ್ಯದಲ್ಲಿ ಇರಲಿಲ್ಲ. ನೋಂದಣಿಯ ಮುದ್ರೆ ಆ ಕೊರತೆಯನ್ನು ತುಂಬಿಕೊಡಲಿಲ್ಲ.

ಆದ್ದರಿಂದ ತಂದೆಯವರಿಗಿಂತ ಚಿಕ್ಕ ವಯಸ್ಸಿನ, ಅದೇ ಊರಿನಲ್ಲಿ ನೆಲೆಯಾಗಿರುವ, ಉಯಿಲಿನಿಂದ ಏನೂ ಪಡೆಯದ ಇಬ್ಬರನ್ನು ಕರೆಯಿರಿ. ಮೂವರೂ ಒಂದೇ ಮೇಜಿನ ಮುಂದೆ, ಒಂದೇ ಸಮಯದಲ್ಲಿ ಸಹಿ ಹಾಕಲಿ. ಸಾಕ್ಷಿಗಳು ಒಳಗಿನ ವಿವರ ಓದಬೇಕಾಗಿಲ್ಲ, ಹಾಗಾಗಿ ಗುಟ್ಟು ಹೊರಗೆ ಹೋಗುವ ಭಯವೂ ಬೇಡ. ಹೃದಯದ ಚಿಕಿತ್ಸೆ ಆಗಿರುವುದರಿಂದ, ಅವರನ್ನು ನೋಡುವ ವೈದ್ಯರಿಂದಲೇ ಅದೇ ದಿನದ ತಾರೀಖಿನಲ್ಲಿ ಒಂದು ದೃಢೀಕರಣ ಪಡೆಯುವುದು ಒಳ್ಳೆಯದು. ಉಯಿಲಿನಿಂದ ಹೆಚ್ಚು ಪಡೆಯುವ ನಿಮ್ಮ ಅಣ್ಣ ಆ ದಿನ ಪತ್ರ ಬರೆಸುವುದು, ಸಾಕ್ಷಿಗಳನ್ನು ಕರೆತರುವುದು, ಕಚೇರಿಗೆ ಓಡಾಡುವುದು, ಇವುಗಳಿಂದ ದೂರವಿರಲಿ. ಲಾಭ ಪಡೆಯುವವನೇ ಮುಂದೆ ನಿಂತು ಉಯಿಲು ಮಾಡಿಸಿದ್ದರೆ ಅದೇ ಒಂದು ಅನುಮಾನದ ಸಂಗತಿಯಾಗುತ್ತದೆ ಎಂದು ನಮ್ಮ ವಕೀಲರು ಒಂದು ಹಳೆಯ ತೀರ್ಪನ್ನು ತೋರಿಸಿ ಹೇಳಿದ್ದರು.

ಉತ್ತರ (ಸಿವಿಲ್ ವಕೀಲ, ತುಮಕೂರು)

ಸೋದರಿ ಹೇಳಿದ ತೀರ್ಪು 1959ರಲ್ಲಿ ವರದಿಯಾದ ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ.ಎನ್. ತಿಮ್ಮಾಜಮ್ಮ ನಡುವಣ ಪ್ರಕರಣವಿರಬೇಕು. ನಮ್ಮ ಮೈಸೂರು ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಆ ಮೇಲ್ಮನವಿಯ ತೀರ್ಪನ್ನು ಉಯಿಲಿನ ದಾವೆಗಳಲ್ಲಿ ಇಂದಿಗೂ ಮೊದಲಿಗೆ ಓದುತ್ತಾರೆ. ಅನುಮಾನಾಸ್ಪದ ಸಂಗತಿಗಳಿದ್ದರೆ ಅವುಗಳನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರದ್ದೇ ಎಂಬುದು ಅದರ ತಿರುಳು. ಅಂಥ ಸಂಗತಿಗಳಲ್ಲಿ ಇನ್ನೊಂದು, ಸಹಜ ವಾರಸುದಾರರನ್ನು ಕಾರಣ ಹೇಳದೆ ಕೈಬಿಡುವುದು. ಅಕ್ಕನಿಗೆ ಉಯಿಲಿನಲ್ಲಿ ಕಡಿಮೆ ಕೊಡುವುದಾದರೆ ಏಕೆ ಎಂಬುದನ್ನು ತಂದೆಯವರು ತಮ್ಮ ಮಾತಿನಲ್ಲೇ ಬರೆಸಲಿ.

ನೋಂದಣಿ ಕಡ್ಡಾಯವಲ್ಲ, ಉಯಿಲಿಗೆ ಮುದ್ರಾಂಕ ಶುಲ್ಕವೂ ಇಲ್ಲ, ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ. ಆದರೂ ನಾನು ನೋಂದಣಿ ಮಾಡಿಸಿ ಎಂದೇ ಹೇಳುತ್ತೇನೆ: ಮೂಲಪತ್ರ ಕಳೆದರೆ ದೃಢೀಕೃತ ನಕಲು ಸಿಗುತ್ತದೆ, ತಾರೀಖಿನ ಬಗ್ಗೆ ವಿವಾದವಿರುವುದಿಲ್ಲ. ಉಯಿಲುಗಳ ದಾಖಲೆ ಪುಸ್ತಕ ಬೇರೆಯೇ ಇದ್ದು, ಬರೆದವರು ಬದುಕಿರುವವರೆಗೆ ಬೇರೆಯವರಿಗೆ ಅದರ ನಕಲು ಕೊಡುವುದಿಲ್ಲ. ಓಡಾಡಲು ಆಗದಷ್ಟು ಆರೋಗ್ಯ ಕೆಟ್ಟಿದ್ದರೆ ಅರ್ಜಿ ಕೊಟ್ಟು ನೋಂದಣಾಧಿಕಾರಿಗಳನ್ನು ಮನೆಗೇ ಕರೆಸಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ಒಮ್ಮೆ ಬರೆದದ್ದನ್ನು ತಂದೆಯವರು ಎಷ್ಟು ಸಲವಾದರೂ ಬದಲಿಸಬಹುದು, ಕೊನೆಯದೇ ಊರ್ಜಿತ. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ (ಉಯಿಲು ನಿಜವೆಂದು ನ್ಯಾಯಾಲಯ ಕೊಡುವ ದೃಢೀಕರಣ) ಕಡ್ಡಾಯವಲ್ಲ.

ಉತ್ತರ (ನಿವೃತ್ತ ಕಂದಾಯ ನೌಕರ, ಗುಬ್ಬಿ)

ತೆಂಗಿನ ತೋಟದ ವಿಷಯವಾದ್ದರಿಂದ ಷೆಡ್ಯೂಲಿನ, ಅಂದರೆ ಆಸ್ತಿಯ ವಿವರಪಟ್ಟಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿತು. ಉಯಿಲಿನ ಮೊದಲ ಪುಟಗಳನ್ನು ಜನ ಬಹಳ ಎಚ್ಚರದಿಂದ ಬರೆಸುತ್ತಾರೆ, ಕೊನೆಯ ಪುಟದ ಷೆಡ್ಯೂಲನ್ನು ಹಳೆಯ ಪತ್ರ ನೋಡಿ ಹಾಗೆಯೇ ಎತ್ತಿ ಬರೆಸುತ್ತಾರೆ. ನಿಮ್ಮ ಎರಡು ತೋಟಗಳೂ ಹೊಂದಿಕೊಂಡಿವೆ ಎಂದಿದ್ದೀರಿ. 1984ರ ಪಾಲುಪಟ್ಟಿಯಲ್ಲಿ "ಪೂರ್ವಕ್ಕೆ ಇಂಥವರ ಜಮೀನು" ಎಂದು ಬರೆದಿದ್ದರೆ, 1996ರಲ್ಲಿ ಆ ಇಂಥವರ ಜಮೀನನ್ನೇ ನೀವು ಕೊಂಡಿರಬಹುದು. ಹಳೆಯ ಚಕ್ಕುಬಂದಿಯನ್ನು ಹಾಗೆಯೇ ಬರೆದರೆ ಯಾವ ತೋಟ ಎಲ್ಲಿ ಮುಗಿಯುತ್ತದೆ ಎಂಬುದು ನಿಮ್ಮ ಮಕ್ಕಳಿಗೆ ತಿಳಿಯುವುದಿಲ್ಲ. ಈಗಿನ ಪಹಣಿ ತೆಗೆಸಿ ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ ಮೂರನ್ನೂ ತಾಳೆ ನೋಡಿ. ಪೋಡಿ (ಪಾಲಾದ ತುಂಡನ್ನು ಅಳೆದು ಬೇರೆ ನಂಬರು ಕೊಡುವುದು) ಆಗಿರದಿದ್ದರೆ ಮೊದಲು ಅದನ್ನು ಮಾಡಿಸಿಕೊಳ್ಳಿ. ಒಂದು ಸರ್ವೆ ನಂಬರನ್ನು ಒಡೆದು ಹಂಚುವ ವಿಭಾಗಪತ್ರಕ್ಕೆ 11ಇ ನಕ್ಷೆ (ಒಡೆಯುವ ತುಂಡುಗಳನ್ನು ತೋರಿಸುವ ಸರ್ವೆ ನಕ್ಷೆ) ಬೇಕಾಗುತ್ತದೆ.

ಇನ್ನೂ ಮುಖ್ಯವಾದದ್ದು ನೀರು. ಕೊಳವೆಬಾವಿ ಯಾವ ತುಂಡಿನಲ್ಲಿದೆ? ಅದು ಹಳೆಯ ತೋಟದಲ್ಲಿದ್ದು, ಪೈಪು ಹೊಸ ತೋಟದವರೆಗೆ ಹೋಗಿದ್ದರೆ, ಉಯಿಲಿನಲ್ಲೂ ವಿಭಾಗಪತ್ರದಲ್ಲೂ ಆ ನೀರಿನ ಹಕ್ಕನ್ನು ಸ್ಪಷ್ಟವಾಗಿ ಬರೆಯಬೇಕು: ಮೋಟಾರು ಯಾರದು, ಬೆಸ್ಕಾಂ ಸಂಪರ್ಕದ ಆರ್.ಆರ್. ನಂಬರು ಯಾರ ಹೆಸರಿಗೆ ಹೋಗಬೇಕು, ಕೆಟ್ಟರೆ ದುರಸ್ತಿಯ ಖರ್ಚು ಹೇಗೆ, ಮತ್ತೆ ಬಾವಿ ಕೊರೆಸಬೇಕಾಗಿ ಬಂದರೆ ಎಲ್ಲಿ. ಗಾಡಿ ದಾರಿಯನ್ನೂ ಹಾಗೆಯೇ ಅಡಿಯ ಲೆಕ್ಕದಲ್ಲಿ ಕಾಣಿಸಿ. ನೀರಿಲ್ಲದ ಎರಡು ಎಕರೆ ತೆಂಗನ್ನು ಪಡೆದವನಿಗೆ ಬೇಸಿಗೆಯಲ್ಲಿ ಉಳಿಯುವುದು ಬೋಳು ಮರಗಳು. ನನ್ನ ಸೇವೆಯಲ್ಲಿ ಅಳತೆಯ ತಕರಾರುಗಳಿಗಿಂತ ದಾರಿ ಮತ್ತು ನೀರಿನ ತಕರಾರುಗಳೇ ಹೆಚ್ಚು ಕಹಿಯಾಗಿದ್ದವು.

ತಂದೆಯವರ ಕಾಲಾನಂತರ ಖಾತೆ ಬದಲಾವಣೆಗೆ ಮರಣ ಪ್ರಮಾಣಪತ್ರ, ಉಯಿಲು, ವಂಶವೃಕ್ಷ ಕೊಟ್ಟು ಅರ್ಜಿ ಹಾಕಬೇಕು. ಯಾರಾದರೂ ತಕರಾರು ಹಾಕಿದರೆ ಹಕ್ಕಿನ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕಾಗುತ್ತದೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲ ಎಂಬುದನ್ನೂ ತಿಳಿದಿರಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಿಸುವ ಪ್ರಯತ್ನಗಳನ್ನು ನಾನು ಕಂಡಿದ್ದೇನೆ. ದಯವಿಟ್ಟು ಯಾರ ಮಾತಿಗೂ ಒಪ್ಪಬೇಡಿ.

ಪ್ರಶ್ನೆ ಕೇಳಿದವರು (ತಿಪಟೂರು ಸೀಮೆಯವನು)

ಎಲ್ಲರಿಗೂ ಕೃತಜ್ಞತೆಗಳು. ಪಾಲುಪಟ್ಟಿಯ ಪೀಠಿಕೆಯನ್ನು ತಂದೆಯವರ ಜೊತೆ ಕುಳಿತು ಓದಿದೆ. "ನಮ್ಮ ಹಿರಿಯರಿಂದ ಬಂದ ಪಿತ್ರಾರ್ಜಿತ ಸ್ವತ್ತು" ಎಂದೇ ಬರೆದಿದೆ. ಅಕ್ಕನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ತೋಟ ಒಡೆಯುವುದು ಬೇಡ, ಆದರೆ ತನ್ನ ಹೆಸರು ಒಂದು ಕಾಗದದಲ್ಲಿ ಇರಲಿ ಎಂದಳು. ಅಣ್ಣನೂ ಅವಳಿಗೆ ಹಣ ಕೊಡಲು ಒಪ್ಪಿದ್ದಾನೆ, ಕಂತಿನಲ್ಲಿ ಕೊಡುತ್ತೇನೆ ಎನ್ನುತ್ತಾನೆ. ಇನ್ನು ಎರಡು ಸಂಶಯಗಳಿವೆ. ಉಯಿಲಿನ ಬದಲು ಕೊಂಡ ತೋಟವನ್ನು ಈಗಲೇ ದಾನಪತ್ರ ಮಾಡಿಬಿಡಿ, ಖರ್ಚು ಕಡಿಮೆ ಎಂದು ಊರಿನವರೊಬ್ಬರು ಹೇಳುತ್ತಾರೆ. ಎರಡನೆಯದು, ಠೇವಣಿಗೆ ನಾನು ನಾಮಿನಿ. ಹಾಗಾದರೆ ಅದು ನನಗೇ ಸೇರುತ್ತದೆಯೇ?

ಉತ್ತರ (ಸಿವಿಲ್ ವಕೀಲ, ತುಮಕೂರು)

ಕುಟುಂಬದೊಳಗಿನ ದಾನಪತ್ರಕ್ಕೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಕಡಿಮೆ ಎಂಬುದು ನಿಜ. ಆದರೆ ದಾನಪತ್ರ ನೋಂದಣಿಯಾದ ಕ್ಷಣದಿಂದ ತೋಟ ತಂದೆಯವರದ್ದಲ್ಲ, ಉಯಿಲಿನಂತೆ ಮನಸ್ಸು ಬದಲಿಸಲು ಬರುವುದಿಲ್ಲ. ಇಬ್ಬರು ವೃದ್ಧರಿಗೆ ಆ ತೋಟದ ಕೊಬ್ಬರಿಯ ಹಣವೂ ಆಸರೆಯಾಗಿರುವಾಗ ನಾನು ಉಯಿಲನ್ನೇ ಒಪ್ಪುತ್ತೇನೆ. ದಾನಪತ್ರವೇ ಆಗಬೇಕೆಂದರೆ, ತಂದೆ ತಾಯಿಯರ ಊಟ, ಔಷಧ, ವಾಸದ ಹೊಣೆ ಅಣ್ಣನದ್ದು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಹಾಗೆ ಬರೆದಿದ್ದು ಅದು ನಡೆಯದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮಿನಡಿ ಉಪವಿಭಾಗಾಧಿಕಾರಿಗಳ ಮುಂದೆ ಆ ಪತ್ರವನ್ನು ರದ್ದುಪಡಿಸಲು ಕೋರಬಹುದು. ನಿಮಗೆ ಆ ಕಚೇರಿ ತಿಪಟೂರಿನಲ್ಲೇ ಇದೆ.

ಉಯಿಲಿನಲ್ಲಿ ತಾಯಿಯವರಿಗೆ ಜೀವಮಾನದ ಅನುಭೋಗ ಕೊಟ್ಟು ಅನಂತರ ಅಣ್ಣನಿಗೆ ಎಂದು ಬರೆಯುವ ಯೋಚನೆ ಬಂದರೆ, ಆ ವಾಕ್ಯವನ್ನು ಪತ್ರ ಬರಹಗಾರರ ಕೈಗೆ ಬಿಡಬೇಡಿ. ಜೀವನಾಂಶದ ಹಕ್ಕಿಗೆ ಬದಲಾಗಿ ಹೆಂಡತಿಗೆ ಕೊಟ್ಟ ಸೀಮಿತ ಹಕ್ಕು ಪೂರ್ಣ ಒಡೆತನವಾಗಿ ಬೆಳೆಯಬಹುದೆಂದು 1977ರ ತುಳಸಮ್ಮ ಪ್ರಕರಣದಲ್ಲಿ ತೀರ್ಪಾಗಿದೆ. ಆಮೇಲೆ ಅಣ್ಣನಿಗೆ ಹೋಗಬೇಕಾದ ಭಾಗವೇ ವಿವಾದಕ್ಕೆ ಬೀಳುತ್ತದೆ.

ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆದು ವಾರಸುದಾರರ ಪರವಾಗಿ ಇಟ್ಟುಕೊಳ್ಳುವವರು. ಹಣ ಯಾರಿಗೆ ಎಂಬುದನ್ನು ಉಯಿಲು ಹೇಳುತ್ತದೆ, ಉಯಿಲಿಲ್ಲದಿದ್ದರೆ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. 1-11-2025ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಪಾಲಿನ ಪ್ರಮಾಣದೊಂದಿಗೆ ಸೂಚಿಸಬಹುದು. ಉಯಿಲಿನಲ್ಲಿ ಠೇವಣಿಯನ್ನು ಯಾವ ಪ್ರಮಾಣದಲ್ಲಿ ಹಂಚುತ್ತಾರೋ ಅದೇ ಪ್ರಮಾಣದಲ್ಲಿ ನಾಮಿನಿಗಳನ್ನೂ ಬರೆಸಿಬಿಟ್ಟರೆ ಮುಂದೆ ಎರಡು ಕಾಗದಗಳು ಒಂದಕ್ಕೊಂದು ಎದುರು ಮಾತಾಡುವುದಿಲ್ಲ.

ಅಣ್ಣ ಕಂತಿನಲ್ಲಿ ಹಣ ಕೊಡುವುದಾದರೆ ಮೊತ್ತ, ಕಂತುಗಳ ತಾರೀಖು, ತಪ್ಪಿದರೆ ಆ ಬಾಕಿಗೆ ಅವರ ಪಾಲಿನ ಜಮೀನೇ ಹೊಣೆ ಎಂಬ ಮಾತು, ಇವು ವಿಭಾಗಪತ್ರದಲ್ಲೇ ಇರಬೇಕು, ಹಣವೂ ಬ್ಯಾಂಕಿನ ಮೂಲಕವೇ ಹೋಗಬೇಕು. ಕರಡು ಸಿದ್ಧವಾದ ಮೇಲೆ ಅಕ್ಕನವರಿಗೆ ಒಂದು ಪ್ರತಿಯನ್ನು ಮುಂಚಿತವಾಗಿ ಕಳಿಸಿ, ಅವರಿಗೆ ಬೇಕಾದ ವಕೀಲರಿಗೆ ತೋರಿಸಿಕೊಂಡು ಬರಲು ಸಮಯ ಕೊಟ್ಟು, ಆಮೇಲೆ ನೋಂದಣಿಗೆ ದಿನ ಗೊತ್ತುಮಾಡಿ.